ಕಿಟಕಿ ದಾರ

ಕಲ್ಲಿಗೆ ಕಿವಿಯೂ ಕತ್ತರಿಗೆ ನಾಲಿಗೆಯೂ ಇದ್ದ ಕಾಲದಲ್ಲಿ, ಒಂದು ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ಮುದುಕಿ ಸೆರೆಯಾಗಿದ್ದಳು. ತನ್ನನ್ನು ಸೆರೆಯಲ್ಲಿಟ್ಟವಳು ಸೊಸೆ ಎಂದು ಮುದುಕಿ ಹೇಳುತ್ತಿದ್ದಳು. ಮುರಿದು ಸರಿಯಾಗಿ ಕೂಡದ ಸೊಂಟದ ಮೂಳೆ ಎಂದು ಡಾಕ್ಟರು ಹೇಳುತ್ತಿದ್ದರು. ಮುದುಕಿಯ ದಿಂಬಿನಡಿ ಒಂದು ಬೀಗದ ಕೈ, ಮಂಚದಡಿ ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಮುತ್ತು ರತ್ನ ಇರಲಿಲ್ಲ, ದಾರ ಇತ್ತು.

ಮುದುಕಿ ನಮ್ಮಜ್ಜಿ. ಸೊಸೆ ನಮ್ಮಮ್ಮ. ಇಬ್ಬರ ನಡುವೆ ಮೆಟ್ಟಿಲು ಹತ್ತಿಳಿಯುತ್ತಿದ್ದವಳು ನಾನು. ಕೆಳಗಿನ ಮಾತನ್ನು ಮೇಲಕ್ಕೂ ಮೇಲಿನ ಮಾತನ್ನು ಕೆಳಕ್ಕೂ ಒಯ್ಯುವುದು ನನ್ನ ಕೆಲಸ. ದಾರಿಯಲ್ಲಿ ಒಂದಿಷ್ಟು ವಿಷ ಚೆಲ್ಲಿ ಹೋಗಲಿ ಎಂದು ತಿರುವಿನಲ್ಲಿ ಸ್ವಲ್ಪ ನಿಲ್ಲುತ್ತಿದ್ದೆ. ಆದರೆ ಆ ಮನೆಯ ಗೋಡೆ ತೆಳು. ನಾನು ತಲುಪಿಸುವುದಕ್ಕಿಂತ ಮೊದಲೇ ಮಾತು ತಲುಪಿರುತ್ತಿತ್ತು.

ಚಿಕ್ಕಂದಿನಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳಿದ ಕಥೆಗಳಲ್ಲಿ ರಾಕ್ಷಸನ ಜೀವ ಎಲ್ಲೋ ದೂರದ ಗುಹೆಯ ಹಕ್ಕಿಯ ಕೊರಳಲ್ಲಿ ಇರುತ್ತಿತ್ತು. ನಮ್ಮಜ್ಜಿಯ ಜೀವ ಆ ಪೆಟ್ಟಿಗೆಯಲ್ಲಿತ್ತು. ಅಂಗಡಿ ಅವಳು ಕಟ್ಟಿದ್ದು. ಅಂಗಡಿಯ ಕಾನೂನೂ ಅವಳದೇ. ಒಳ್ಳೆಯ ದಾರದ ರೀಲುಗಳನ್ನು ನೀಲಿ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯ ಕತ್ತಲಲ್ಲಿ ಇಡಬೇಕು. ಒಂದೊಂದು ಬಣ್ಣದ ಒಂದೊಂದು ರೀಲನ್ನು ಮಾತ್ರ ಬೀದಿಗೆ ಮುಖಮಾಡಿದ ಕಿಟಕಿಯ ಹಲಗೆಯ ಮೇಲೆ ಸಾಲಾಗಿ ಜೋಡಿಸಬೇಕು. ಹೋಗಿಬರುವವರ ಕಣ್ಣು ಅಲ್ಲಿ ಎಡವಿ ಬೀಳಬೇಕು. ಕಾಲು ಸರಿಯಿದ್ದಾಗ ಅಜ್ಜಿ ಬೆಳಿಗ್ಗೆ ಎದ್ದು ಮೊದಲು ಮಾಡುತ್ತಿದ್ದ ಕೆಲಸ ಆ ಸಾಲನ್ನು ನೇರ ಮಾಡುವುದು. ಹಳದಿಯ ಪಕ್ಕ ಕೇಸರಿ, ಕೇಸರಿಯ ಪಕ್ಕ ಕೆಂಪು, ಕೆಂಪಿನ ಪಕ್ಕ ನೇರಳೆ. ಕಿಟಕಿಗೊಂದು ಪರದೆ ಇತ್ತು. ಅದನ್ನು ಎಳೆಯುವಂತಿರಲಿಲ್ಲ. ಬಿಸಿಲು ನೇರ ಬಂದು ರೀಲುಗಳ ಮೇಲೆ ಕೂತರೆ ಬಣ್ಣ ಉರಿದಂತೆ ಕಾಣುತ್ತಿತ್ತು.

ಉರಿದದ್ದು ಬಣ್ಣವೊಂದೇ ಅಲ್ಲ. ಆದರೆ ಅದು ಆಮೇಲಿನ ಮಾತು.

ಕಿಟಕಿಯಲ್ಲಿ ಮಂಕಾದ ರೀಲುಗಳನ್ನು ಎಸೆಯುವುದುಂಟೇ? ಅವು ಮನೆಗೆ. ಗಿರಾಕಿಗೆ ಪೆಟ್ಟಿಗೆ ದಾರ, ಮನೆಯವರಿಗೆ ಕಿಟಕಿ ದಾರ. ಅಮ್ಮ ಮದುವೆಯಾಗಿ ಬಂದ ಮೊದಲ ವಾರವೇ ಅಜ್ಜಿ ಇದನ್ನು ಅವಳಿಗೆ ಹೇಳಿದ್ದಳಂತೆ. ಜೊತೆಗೆ ಇನ್ನೊಂದನ್ನೂ ಹೇಳಿದ್ದಳು: ಮನೆಯವರ ಬಟ್ಟೆ ಇನ್ನು ಮುಂದೆ ನಿನ್ನ ಪಾಲಿನದು. ಅಂದಿನಿಂದ ಅಜ್ಜಿ ಹೊಲಿದದ್ದೆಲ್ಲ ಗಿರಾಕಿಯ ಬಟ್ಟೆ. ಕಿಟಕಿ ದಾರವನ್ನು ಅವಳು ಜೋಡಿಸಿದ್ದಳೇ ಹೊರತು ಸೂಜಿಗೆ ಪೋಣಿಸಿದ್ದೇ ಇಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಯಾರೂ ಕೈಯೆತ್ತಿ ಆಕಳಿಸುತ್ತಿರಲಿಲ್ಲ. ಬಗ್ಗಿ ಏನನ್ನಾದರೂ ಎತ್ತಿಕೊಳ್ಳುವ ಮೊದಲು ಗೋಡೆಗೆ ಬೆನ್ನು ಕೊಡುತ್ತಿದ್ದೆವು. ಅಪ್ಪ ರೈಲಿನಲ್ಲಿ ಗಾರ್ಡು. ಒಮ್ಮೆ ಪ್ಲಾಟ್‌ಫಾರ್ಮಿನ ಎದುರು ಹಸಿರು ಬಾವುಟ ಎತ್ತಿದಾಗ ಕಂಕುಳಿನಿಂದ ಸೊಂಟದವರೆಗೆ ಅಂಗಿ ಬಿಚ್ಚಿಕೊಂಡಿತು. ಆಮೇಲೆ ಅವನು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೇ ಬಾವುಟ ಆಡಿಸುತ್ತಿದ್ದ. ಇಂಜಿನ್ ಡ್ರೈವರು ಅದನ್ನು ನೋಡಿ, ಗಾಡಿ ಹೊರಡಬೇಕೋ ನಾಚಿಕೊಳ್ಳಬೇಕೋ ಎಂದು ಕೇಳಿದನಂತೆ. ದರ್ಜಿಯ ಮನೆಯವರ ಮೈಮೇಲೆ ಊರಲ್ಲೆಲ್ಲ ಹೆಚ್ಚು ಪಿನ್ನುಗಳು.

ಹೊಸದರಲ್ಲಿ ಅಮ್ಮ ಒಮ್ಮೆ ಬಾಯಿಬಿಟ್ಟು ಹೇಳಿದ್ದಳು, ದಾರವೇ ಸರಿಯಿಲ್ಲ ಎಂದು. ಅಜ್ಜಿ ಮಿಶಿನ್ನಿನಿಂದ ತಲೆಯೆತ್ತದೆ, "ಕುಣಿಯಲಾರದವಳಿಗೆ ನೆಲ ಡೊಂಕು" ಎಂದಳು. ಅಮ್ಮ, ಗಿರಾಕಿಗಳ ಬಟ್ಟೆ ಹೊಲಿಯುವಾಗ ಇದೇ ಕೈಯಲ್ಲಿ ಹೊಲಿಗೆ ಕೆಡುವುದಿಲ್ಲವಲ್ಲ ಎಂದು ಕೇಳಿದಳು. ಅದಕ್ಕೆ ಅಜ್ಜಿಯ ಬಳಿ ಉತ್ತರ ಮಡಿಸಿಟ್ಟಿತ್ತು. ಗಿರಾಕಿಯ ಬಟ್ಟೆಗೆ ನೀನು ಮನಸ್ಸಿಡುತ್ತೀಯ. ಗಂಡನ ಬಟ್ಟೆ, ಮನೆಯವರ ಬಟ್ಟೆ ಎಂದರೆ ನಿನಗೆ ಅಸಡ್ಡೆ. ಹೊಲಿಗೆ ಮನಸ್ಸನ್ನು ಹೇಳಿಬಿಡುತ್ತದೆ.

ಕೈ ಸರಿಯಿಲ್ಲ ಎಂದಿದ್ದರೆ ಅಮ್ಮ ಕಲಿತುಕೊಳ್ಳುತ್ತಿದ್ದಳು. ಮನಸ್ಸೇ ಸರಿಯಿಲ್ಲ ಎಂದ ಮೇಲೆ ಏನನ್ನು ಕಲಿಯುವುದು? ಅವಳು ಮಿಶಿನ್ನನ್ನು ಬಿಚ್ಚಿ ತೊಳೆದಳು, ಎಣ್ಣೆ ಬಿಟ್ಟಳು, ಸೂಜಿ ಬದಲಿಸಿದಳು, ದಾರದ ಬಿಗಿ ಹೆಚ್ಚು ಕಡಿಮೆ ಮಾಡುವ ತಿರುಪನ್ನು ತಿರುಗಿಸಿ ತಿರುಗಿಸಿ ಅದರ ಕಚ್ಚು ಸವೆಸಿದಳು. ದಾರವನ್ನೊಂದು ಬಿಟ್ಟು ಎಲ್ಲವನ್ನೂ ಬದಲಿಸಿದಳು, ಏಕೆಂದರೆ ದಾರ ಕಾನೂನಾಗಿತ್ತು. ಕೊನೆಕೊನೆಗೆ, ತನ್ನ ಮನಸ್ಸಿನಲ್ಲೇ ಏನೋ ಕೊಳೆ ಇದ್ದೀತು ಎಂದು ಅವಳಿಗೂ ಅನ್ನಿಸತೊಡಗಿತ್ತು. ಆ ಅನುಮಾನ ಅವಳನ್ನು ಮೆತ್ತಗೆ ಮಾಡಲಿಲ್ಲ. ಇನ್ನಷ್ಟು ಒರಟು ಮಾಡಿತು.

ಅಜ್ಜಿ ಮೆಟ್ಟಿಲಲ್ಲಿ ಜಾರಿ ಬಿದ್ದು ಮೇಲಿನ ಕೋಣೆ ಹಿಡಿದ ಮೇಲೆ ಜಗಳಕ್ಕೆ ಕೋಲು ಬಂತು. ಕೆಳಗೆ ಮಿಶಿನ್ನು ಓಡುವುದು ಅವಳಿಗೆ ನೆಲದ ಮೂಲಕ ಕೇಳುತ್ತಿತ್ತು. ದಾರ ತುಂಡಾದರೆ ಪೆಡಲು ನಿಲ್ಲುತ್ತದಲ್ಲ, ಆ ಕ್ಷಣಕ್ಕೆ ಸರಿಯಾಗಿ ಮೇಲಿಂದ ಕೋಲು 'ಠಕ್' ಎನ್ನುತ್ತಿತ್ತು. ಗಿರಾಕಿಯ ಬಟ್ಟೆಗೆ ಅಜ್ಜಿಯೇ ಪೆಟ್ಟಿಗೆ ತೆರೆಸಿ ರೀಲು ಕೊಟ್ಟು ಕಳಿಸುತ್ತಿದ್ದಳು; ಆಗ ಕೋಲು ಮಲಗಿರುತ್ತಿತ್ತು. ಮನೆಯ ಬಟ್ಟೆ ಹತ್ತಿತೆಂದರೆ ಠಕ್, ಸ್ವಲ್ಪ ಹೊತ್ತು, ಮತ್ತೆ ಠಕ್. ಅಮ್ಮನ ಕಿವಿಯ ತುದಿ ಕೆಂಪಾಗುತ್ತಿತ್ತು. ಅಪ್ಪನಿಗೆ ಅದೇ ಕೆಂಪು ಬಾವುಟ. ಕಂಡ ಕೂಡಲೇ ಅವನಿಗೆ ಡ್ಯೂಟಿ ನೆನಪಾಗುತ್ತಿತ್ತು.

ಒಂದು ಮಧ್ಯಾಹ್ನ ಶಾಲೆಯ ಟೀಚರಮ್ಮ ರವಿಕೆಯ ಅಳತೆ ಕೊಡಲು ಬಂದಿದ್ದರು. ಅಮ್ಮ ಅವರ ತೋಳಿಗೆ ಟೇಪು ಸುತ್ತಿದ್ದಳು. ಮೇಲಿಂದ ಅಜ್ಜಿ, ಯಾರೋ ಬಂದ ಸದ್ದು ಕೇಳಿ, ಎಲ್ಲರಿಗೂ ಕೇಳುವಂತೆ ಹೇಳಿದಳು. ತಾಯೀ, ಯಾರಾದರೂ ಆಗಲಿ, ಒಂದು ಮಾತು ಕೇಳಿ ಹೋಗಿ. ಈ ಅಂಗಡಿ ನನ್ನದು. ನನ್ನನ್ನು ಮೇಲೆ ಕೂಡಿಹಾಕಿ ಇವಳು ಕೆಳಗೆ ರಾಣಿಯ ಹಾಗೆ ಕೂತಿದ್ದಾಳೆ. ನಾನು ಸತ್ತರೂ ನನ್ನ ಹೆಣ ಇಳಿಸುವುದಿಲ್ಲ, ಇಲ್ಲೇ ಇಸ್ತ್ರಿ ಮಾಡಿ ಮಡಿಸಿಡುತ್ತಾಳೆ.

ಟೀಚರಮ್ಮ ಚಾವಣಿ ನೋಡಿದರು, ಅಮ್ಮನ ಮುಖ ನೋಡಿದರು, ಆಮೇಲೆ ತಮ್ಮ ತೋಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ಆ ಎಳೆದುಕೊಂಡದ್ದು ಅಮ್ಮನಿಗೆ ತಾಗಿತು. ಅವಳು ಮೆಟ್ಟಿಲ ಬುಡಕ್ಕೆ ಹೋಗಿ ನಿಂತಳು. ವರ್ಷಗಳ ಮೇಲೆ ನನ್ನನ್ನು ನಡುವೆ ಇಟ್ಟುಕೊಳ್ಳದೆ ಮಾತಾಡಿದಳು.

"ಅತ್ತೆ, ಕೇಳಿಸ್ಕೊಳ್ಳಿ. ನಿಮ್ಮನ್ನ ಕೆಳಗಿಳಿಸಿ ಈ ಕುರ್ಚೀಲಿ ಕೂರಿಸ್ತೀನಿ. ನಾನೇ ಕೂರಿಸ್ತೀನಿ. ಕೂರಿಸದಿದ್ರೆ ಈ ಮಿಶಿನ್ನು ಮುಟ್ಟಲ್ಲ. ಟೀಚರಮ್ಮ ಸಾಕ್ಷಿ."

"ಹೂಂ, ಇಳಿಸು," ಎಂದಿತು ಮೇಲಿನ ದನಿ. "ಜೀವ ಇರೋವಾಗ್ಲೇ ಇಳಿಸು."

ಇಳಿಸುವುದು ಹೇಗೆ? ಮೆಟ್ಟಿಲು ಕಡಿದಾದದ್ದು, ಇಕ್ಕಟ್ಟು, ನಡುವೆ ಕುತ್ತಿಗೆ ತಿರುಚಿದಂತೆ ಒಂದು ತಿರುವು. ಕುರ್ಚಿಯೊಂದಿಗೆ ಎತ್ತಿದರೆ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬೆನ್ನ ಮೇಲೆ ಹೊರಲು ಕಾಲು ಅಗಲಿಸುವಂತಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಉಳಿದದ್ದು ಜೋಲಿ. ದಪ್ಪ ಕ್ಯಾನ್ವಾಸಿನದು, ಮೈಯುದ್ದದ್ದು, ಎರಡು ಬದಿಗೂ ಪಟ್ಟಿಯ ಹಿಡಿಗಳು. ನಾಲ್ಕು ಜನ ಹಿಡಿದು ತಿರುವಿನಲ್ಲಿ ಓರೆ ಮಾಡಿಕೊಂಡು ಇಳಿಸುವಂಥದ್ದು. ಅಮ್ಮ ಕ್ಯಾನ್ವಾಸು ತಂದಳು, ನೆಲದ ಮೇಲೆ ಹಾಸಿ ಚಾಕಿನಲ್ಲಿ ಗೆರೆ ಎಳೆದಳು. ದಪ್ಪ ಸೂಜಿ ಹಾಕಿದಳು. ಆಮೇಲೆ ಅಭ್ಯಾಸಬಲದಿಂದ ಕೈ ಕಿಟಕಿಯ ಹಲಗೆಯತ್ತ ಹೋಯಿತು. ಮನೆಯವರ ಕೆಲಸ, ಕಿಟಕಿ ದಾರ.

ಅವಳು ಅಷ್ಟು ಮನಸ್ಸಿಟ್ಟು ಹೊಲಿದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಬೆರಳುಗಳು ಬಟ್ಟೆಗೆ ದಾರಿ ತೋರಿಸುತ್ತಿದ್ದವು, ಉಸಿರು ಪೆಡಲಿನ ಜೊತೆ ಹೋಗುತ್ತಿತ್ತು. ಆದರೂ ದಾರ ಸೂಜಿಯ ಕಣ್ಣಿನಲ್ಲಿ ನಾರುನಾರಾಗಿ ಬಿಚ್ಚಿಕೊಂಡಿತು. ಒಮ್ಮೆ ದಪ್ಪ, ಒಮ್ಮೆ ಕೂದಲಿನಷ್ಟು ತೆಳು. ಬಟ್ಟೆಯ ಮೇಲೆ ಹೊಲಿಗೆ ಜಿಗಿಯಿತು, ಅಡಿಯಲ್ಲಿ ಗಂಟುಗಂಟಾಗಿ ಗೂಡು ಕಟ್ಟಿತು. ಅಡಿದಾರ ಸುತ್ತಿಟ್ಟ ಬಾಬಿನ್ನಿನ ಗೂಡು ತೆರೆದರೆ ಬೂದಿಯಂಥ ಧೂಳು. ಮೇಲಿಂದ ಠಕ್. ಅವಳು ಮತ್ತೆ ಪೋಣಿಸಿದಳು. ಠಕ್. ಬಿಗಿ ಸಡಿಲಿಸಿದಳು. ಠಕ್. ಹೊಲಿದದ್ದರ ಮೇಲೆಯೇ ಮತ್ತೊಂದು ಸಾಲು ಹೊಲಿದು, ಅಂತೂ ಹಿಡಿಗಳನ್ನು ಕೂಡಿಸಿದಳು. ನೋಡಲು ಚೆನ್ನಾಗಿಯೇ ಇತ್ತು.

ಪಕ್ಕದ ಇಸ್ತ್ರಿ ಅಂಗಡಿಯ ಮಾಮನನ್ನು ಕರೆದೆವು. ಅಜ್ಜಿಯನ್ನು ಮಲಗಿಸುವ ಮೊದಲು ಚಿಂದಿಯ ಮೂಟೆಯನ್ನೂ ಅದರ ಮೇಲೆ ಮಾಮನ ಹಳೆಯ ಇಸ್ತ್ರಿಪೆಟ್ಟಿಗೆಗಳನ್ನೂ ಹೇರಿ ಎತ್ತಿ ನೋಡೋಣ ಎಂದಳು ಅಮ್ಮ. ಎತ್ತಿದೆವು. ಮೊಣಕಾಲಿನ ಎತ್ತರಕ್ಕೆ ಬಂದಿರಬೇಕು, ಒಂದು ಹಿಡಿಯ ಬುಡದಲ್ಲಿ ಸಣ್ಣಗೆ 'ಪಟ್' ಎಂದಿತು. ಆಮೇಲೆ ಅವರೆಕಾಯಿ ಸುಲಿದಂತೆ ಪಟಪಟನೆ ಸಾಲಿಗೆ ಸಾಲೇ ಬಿಚ್ಚಿಕೊಂಡು, ಇಸ್ತ್ರಿಪೆಟ್ಟಿಗೆಗಳೆಲ್ಲ ನೆಲಕ್ಕೆ ಬಿದ್ದವು. ಕಾಲು ಹಿಂದಕ್ಕೆ ಎಳೆದುಕೊಂಡು ಮಾಮ, ಇದು ನಿಮ್ಮತ್ತೆಯನ್ನು ಇಳಿಸುವುದಕ್ಕೋ ಕಳಿಸುವುದಕ್ಕೋ ಎಂದ.

ಮೇಲೆ ಕೋಲಿನ ಸದ್ದಿಲ್ಲ. ಅದಕ್ಕಿಂತ ಕೆಟ್ಟದ್ದು ಬಂತು. ಅಜ್ಜಿ ಮೆತ್ತಗೆ, ಬಹಳ ಮೆತ್ತಗೆ ಹೇಳಿದಳು. "ನೋಡ್ದ್ಯಾ, ಮಗೂ? ನಾನ್ ಹೇಳ್ತಿದ್ದೆ. ಮನಸ್ಸು."

ಅಮ್ಮ ಬಿಚ್ಚಿಹೋದ ಹಿಡಿಯನ್ನು ಕೈಯಲ್ಲಿ ಹಿಡಿದು ಕೂತುಬಿಟ್ಟಳು. ಸೀಳಿನ ಅಂಚಿನಿಂದ ದಾರದ ಚೂರೊಂದನ್ನು ಎಳೆದು ಎರಡು ಬೆರಳ ನಡುವೆ ಹೊಸಕಿದಳು. ಅದು ಪುಡಿಯಾಯಿತು. ಅವಳು ಇನ್ನೊಂದನ್ನು ಎಳೆದಳು. ಅದೂ ಪುಡಿಯಾಯಿತು. ಅವಳ ಮುಖದಲ್ಲಿ ಏನೋ ತಿರುಗಿ ನಿಂತದ್ದನ್ನು ನಾನು ನೋಡಿದೆ. ಇಂದು ತಾನು ಮನಸ್ಸಿಟ್ಟೇ ಹೊಲಿದೆ ಎಂಬುದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಅವಳಿಗೆ ಗೊತ್ತಿತ್ತು.

ಅವಳು ಕಿಟಕಿಯ ರೀಲುಗಳನ್ನೆಲ್ಲ ಮಡಿಲಿಗೆ ಬಾಚಿಕೊಂಡು ಮೆಟ್ಟಿಲು ಹತ್ತಿದಳು. ನಾನು ಹಿಂದೆ ಓಡಿದೆ. ಅಜ್ಜಿಯ ಹೊದಿಕೆಯ ಮೇಲೆ ಅವನ್ನು ಸುರಿದು, "ಕಿತ್ತು ನೋಡಿ," ಎಂದಳು.

ಅಜ್ಜಿ ಮೊದಲು ಗೋಡೆಯತ್ತ ಮುಖ ತಿರುಗಿಸಿದಳು. ಆದರೆ ರೀಲು ಕಂಡ ಮೇಲೆ ಆ ಬೆರಳುಗಳು ಸುಮ್ಮನಿರುವ ಜಾತಿಯವಲ್ಲ. ಕೆಂಪನ್ನು ಎತ್ತಿಕೊಂಡು, ಒಂದು ಗೇಣು ಬಿಚ್ಚಿ, ಎರಡು ಹೆಬ್ಬೆರಳಿಗೆ ಸುತ್ತಿ ಎಳೆದಳು. ಸದ್ದಿಲ್ಲದೆ ಕಿತ್ತು ಬಂತು, ನೆನೆದ ಕಾಗದ ಬಂದ ಹಾಗೆ. ನೇರಳೆ ಎಳೆದಳು. ಅದೂ ಹಾಗೆಯೇ. ರೀಲಿನ ಹೊರಮೈ ಬಿಚ್ಚುತ್ತಾ ಹೋದಳು. ಒಳಸುತ್ತು ಬಂದಂತೆ ಬಣ್ಣ ಕಡುವಾಯಿತು, ದಾರ ಗಟ್ಟಿಯಾಯಿತು. ಹೊರಗಿನದನ್ನೂ ಒಳಗಿನದನ್ನೂ ಪಕ್ಕಪಕ್ಕ ಹಿಡಿದು ಎಷ್ಟೋ ಹೊತ್ತು ನೋಡಿದಳು. ಬಿಸಿಲು ತಿಂದ ದಾರ ಮತ್ತು ಬಿಸಿಲು ತಾಗದ ದಾರ. ಒಂದೇ ತಾಯಿಯ ಮಕ್ಕಳು.

ಈಗ ಅಜ್ಜಿ ಕರಗುತ್ತಾಳೆ, ಸೊಸೆಯ ಕೈ ಹಿಡಿಯುತ್ತಾಳೆ ಎಂದು ನಾನು ಅಂದುಕೊಂಡೆ. ಅವಳು ನನಗೆ ಹೇಳಿದ ಕಥೆಗಳಲ್ಲಿ ಶಾಪ ಒಡೆದ ಕೂಡಲೇ ಹೂಮಳೆ ಆಗುತ್ತಿತ್ತು.

"ಪರದೆ ಎಳೀದೆ ಬಿಟ್ಟೋರು ಯಾರು?" ಎಂದಳು ಅಜ್ಜಿ.

"ಎಳೀಬೇಡ, ಬಣ್ಣ ಕಾಣ್ಬೇಕು ಅಂದೋರು ಯಾರು?"

"ದೊಡ್ಡೋರು ಹೇಳಿದ್ದನ್ನೆಲ್ಲ ಕೇಳ್ತೀಯಾ ನೀನು? ಉಳಿದ ಯಾವ ಮಾತು ಕೇಳಿದ್ದೀ, ಇದೊಂದನ್ನ ಕೇಳೋಕೆ?"

ಅಮ್ಮ ದಾರದ ಪೆಟ್ಟಿಗೆಯತ್ತ ಕೈಚಾಚಿ, ಬೀಗದ ಕೈ ಕೊಡಿ ಎಂದಳು. ಅಜ್ಜಿ ದಿಂಬನ್ನು ಒತ್ತಿ ಮಲಗಿದಳು. ಮನೆಯವರಿಗೆ ಪೆಟ್ಟಿಗೆ ದಾರ ಇಲ್ಲ ಎಂದಳು. ಹಾಗಾದರೆ ಇಲ್ಲೇ ಇರಿ ಎಂದಳು ಅಮ್ಮ. ಇರುತ್ತೇನೆ, ನೀನು ಮಿಶಿನ್ನು ಮುಟ್ಟದೆ ಇರು ಎಂದಳು ಅಜ್ಜಿ. ಕೊಟ್ಟರೆ ಇಷ್ಟು ವರ್ಷದ ಮಾತೆಲ್ಲ ತನ್ನ ಮೇಲೇ ತಿರುಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕೊಡದಿದ್ದರೆ ಇದೇ ಚಾವಣಿ ನೋಡುತ್ತ ಸಾಯಬೇಕು ಎಂಬುದೂ ಗೊತ್ತಿತ್ತು.

ಕೊನೆಗೆ ಅಜ್ಜಿ ನನ್ನತ್ತ ತಿರುಗಿ ಮಾತಾಡಿದಳು. "ಆ ದರ್ಜಿ ಹೆಂಗಸಿಗೆ ಹೇಳು, ನನಗೊಂದು ಜೋಲಿ ಬೇಕು ಅಂತ. ನಾನು ಗಿರಾಕಿ. ಕೆಲಸ ನೆಟ್ಟಗಿಲ್ದಿದ್ರೆ ವಾಪಸ್ ಕಳಿಸ್ತೀನಿ, ಅದನ್ನೂ ಹೇಳು." ದಿಂಬಿನಡಿಯಿಂದ ಬೀಗದ ಕೈ ತೆಗೆದು ಹೊದಿಕೆಯ ಮೇಲೆ ಎಸೆದಳು. ಅದು ನನ್ನ ಕಡೆಗೂ ಅಲ್ಲ, ಅಮ್ಮನ ಕಡೆಗೂ ಅಲ್ಲ, ಸರಿಯಾಗಿ ನಡುವೆ ಬಿತ್ತು.

ಅಮ್ಮ ಅದನ್ನು ಎತ್ತಿಕೊಳ್ಳಲಿಲ್ಲ. ಕೊರಳಲ್ಲಿದ್ದ ಟೇಪು ತೆಗೆದಳು. ಹಳೆಯ ಗಿರಾಕಿಗಳಿಗೆ ಹೇಳುವ ದನಿಯಲ್ಲಿ, "ಸ್ವಲ್ಪ ಕೈ ಎತ್ತೀಮ್ಮ, ಅಳತೆ ತಗೋಬೇಕು," ಎಂದಳು. ಅಜ್ಜಿಗೆ ಸಿಟ್ಟು ಬಂತು, ಆದರೆ ಗಿರಾಕಿಯಾದ ಮೇಲೆ ಕೈ ಎತ್ತಲೇಬೇಕು. ಅಮ್ಮ ಅವಳ ಭುಜ, ಬೆನ್ನು, ಸೊಂಟ, ಮಂಡಿಯವರೆಗಿನ ಉದ್ದ ಅಳೆದಳು. ನೋವಿನ ಜಾಗಕ್ಕೆ ಬಂದಾಗ ಟೇಪನ್ನು ಒತ್ತದೆ ಗಾಳಿಯಲ್ಲೇ ಹಿಡಿದಳು. ಅದು ಕರುಣೆಯಾಗಿರಲಿಲ್ಲ. ಅವಳು ಎಲ್ಲ ಗಿರಾಕಿಗಳಿಗೂ ಹಾಗೆಯೇ ಮಾಡುತ್ತಿದ್ದಳು. ಅಜ್ಜಿಯೂ ಅದನ್ನು ಗಮನಿಸಿದಳೆಂದು ಕಾಣುತ್ತದೆ; ತುಟಿ ಬಿಗಿದುಕೊಂಡಳು. ಹೊಸ ಸೂಜಿ ಹಾಕಬೇಕು, ಹೊಲಿಗೆ ತೀರ ಸಣ್ಣದಾದರೆ ಕ್ಯಾನ್ವಾಸು ತೂತಾಗಿ ಹರಿಯುತ್ತದೆ ಎಂದು ಗೊಣಗಿದಳು. ಗಿರಾಕಿಗಳು ಕೆಲಸ ಹೇಳಿಕೊಡಬಾರದು ಎಂದಳು ಅಮ್ಮ.

ಪೆಟ್ಟಿಗೆಯ ತಳದಲ್ಲಿ ನೀಲಿ ಕಾಗದದ ಒಳಗೆ ದಪ್ಪ ದಾರದ ರೀಲೊಂದಿತ್ತು, ಮಿಂದು ಬಂದ ಹಾವಿನಂತೆ ನುಣ್ಣಗೆ. ಬೀಗ ತೆಗೆದು ಅದನ್ನು ನಾನು ತಂದು ಕೊಟ್ಟೆ. ಅಮ್ಮ ಮಿಶಿನ್ನಿನ ತಿರುಪಿನ ತಟ್ಟೆಗಳ ನಡುವೆ ಸೇರಿದ್ದ ನಾರನ್ನೆಲ್ಲ ಊದಿ ಒರೆಸಿ, ಹಳೆಯ ಹೊಲಿಗೆಯನ್ನು ಪೂರ್ತಿ ಬಿಚ್ಚಿ, ಹೊಸದಾಗಿ ಶುರು ಮಾಡಿದಳು. ಆ ಸದ್ದೇ ಬೇರೆ. ಅಲ್ಲಿಯವರೆಗೆ ಕೆಮ್ಮುತ್ತಿದ್ದ ಮಿಶಿನ್ನು ಗಂಟಲು ಸರಿಮಾಡಿಕೊಂಡು ಒಂದೇ ಉಸಿರಿನಲ್ಲಿ ಓದಿದಂತಿತ್ತು. ಮೇಲಿನ ದಾರವೂ ಕೆಳಗಿನ ದಾರವೂ ಬಟ್ಟೆಯ ಹೊಟ್ಟೆಯೊಳಗೆ ಕೈ ಹಿಡಿದುಕೊಂಡವು; ಅತ್ತ ನೋಡಿದರೂ ಇತ್ತ ನೋಡಿದರೂ ಒಂದೇ ಸಾಲು. ಅಮ್ಮ ಹೊಲಿದದ್ದು ಪ್ರೀತಿಯಿಂದ ಅಲ್ಲವೇ ಅಲ್ಲ. ಹಲ್ಲು ಕಚ್ಚಿಕೊಂಡು, ಒಂದೊಂದು ಹೊಲಿಗೆಯನ್ನೂ ಒಂದೊಂದು ಬೈಗುಳದಂತೆ ಹಾಕುತ್ತ ಹೋದಳು. ಮನಸ್ಸಿನಲ್ಲಿ ಅಷ್ಟು ವಿಷ ಇದ್ದರೂ ದಾರ ಒಮ್ಮೆಯೂ ತುಂಡಾಗಲಿಲ್ಲ.

ನಾನು ಮೇಲೆ ಹೋಗಿ ನೋಡಿದೆ. ಅಜ್ಜಿ ಕೋಲನ್ನು ಎತ್ತಿ ಹಿಡಿದು ಕಾಯುತ್ತಿದ್ದಳು. ಕೈ ಸೋತು ಕೋಲು ತಾನಾಗಿ ಹೊದಿಕೆಯ ಮೇಲೆ ಇಳಿಯಿತು.

ಮರುದಿನ ಬೆಳಿಗ್ಗೆ ಅಪ್ಪ ಡ್ಯೂಟಿಗೆ ಹೊರಡುವ ಮೊದಲೇ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಮೂಟೆಯನ್ನೂ ಇಸ್ತ್ರಿಪೆಟ್ಟಿಗೆಗಳನ್ನೂ ಹೇರಿ ಎತ್ತಿದೆವು. ಸಾಲದೆಂದು ಮಾಮನೇ ಹತ್ತಿ ಕೂತ, ತೂಗಿಸಿಕೊಂಡ, ಇಳಿಯಲು ಮನಸ್ಸಿಲ್ಲ ಎಂದ. ಹೊಲಿಗೆ ಕದಲಲಿಲ್ಲ. ಆಮೇಲೆ ಮೇಲೆ ಹೋಗಿ ಅಜ್ಜಿಯನ್ನು ಜೋಲಿಗೆ ಸರಿಸಿದೆವು. ತಲೆಯ ಕಡೆ ಅಪ್ಪ ಮತ್ತು ಮಾಮ, ಕಾಲಿನ ಕಡೆ ಅಮ್ಮ ಮತ್ತು ನಾನು. ಅಜ್ಜಿ ಎರಡು ಕೈಯಲ್ಲೂ ಅಂಚನ್ನು ಹಿಡಿದುಕೊಂಡು, ಹಿಡಿಯ ಬುಡದ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸುತ್ತಿದ್ದಳು. ತಪ್ಪು ಹುಡುಕುತ್ತಿದ್ದಳು. ಅಪ್ಪನ ಅಂಗಿ ಎಲ್ಲೋ ಹರಿದ ಸದ್ದಾಯಿತು. ಅವನು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡ.

ತಿರುವಿಗೆ ಬಂದಾಗ ಜೋಲಿಯನ್ನು ಓರೆ ಮಾಡಿದೆವು. ಭಾರವೆಲ್ಲ ಅಮ್ಮನ ಬದಿಯ ಹಿಡಿಗೆ ಬಂತು. ದಾರ ಬಿಗಿದು ಸಣ್ಣಗೆ ನರಳಿತು, ತಡೆಯಿತು. ಅಲ್ಲಿಂದ ಅಂಗಡಿ ಕಾಣುತ್ತಿತ್ತು. ಬೆಳಗಿನ ಬಿಸಿಲು ಕಿಟಕಿಯಿಂದ ನೇರ ಬಂದು ಖಾಲಿ ಹಲಗೆಯ ಮೇಲೆ ಬಿದ್ದಿತ್ತು. ನಿನ್ನೆಯಿಂದ ಆ ಹಲಗೆಯ ಮೇಲೆ ಯಾರೂ ಏನನ್ನೂ ಜೋಡಿಸಿರಲಿಲ್ಲ. ಅಜ್ಜಿ ಆ ಬಿಸಿಲನ್ನು, ಬಹಳ ಕಾಲದ ಮೇಲೆ ಎದುರಾದ ಶತ್ರುವನ್ನು ನೋಡುವಂತೆ ನೋಡಿದಳು.

"ಆ ಪರದೆ ಎಳಿ," ಎಂದಳು. ಈ ಸಲ ನನಗಲ್ಲ, ನೇರ ಅಮ್ಮನಿಗೆ.

ಅಮ್ಮನ ಹಣೆಯಿಂದ ಬೆವರು ಇಳಿದು ಕಣ್ಣಿಗೆ ಹೋಗುತ್ತಿತ್ತು. "ಕೈ ಖಾಲಿ ಇಲ್ಲ ಅತ್ತೆ. ಕೂತ್ಮೇಲೆ ನೀವೇ ಎಳ್ಕೊಳ್ಳಿ."

ಅಜ್ಜಿ ಬಾಯಿ ತೆರೆದಳು. ಅಮ್ಮ ಒಂದು ಮೆಟ್ಟಿಲು ಕೆಳಕ್ಕೆ ಕಾಲಿಟ್ಟಳು. ಅಜ್ಜಿ ಬಾಯಿ ಮುಚ್ಚಿಕೊಂಡು ಅಂಚನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. ಮತ್ತೊಂದು ಮೆಟ್ಟಿಲು. ಇನ್ನೊಂದು. ಕೊನೆಯ ಮೆಟ್ಟಿಲು ದಾಟಿ, ಮಿಶಿನ್ನನ್ನು ಸುತ್ತಿಕೊಂಡು, ಕಿಟಕಿಯ ಪಕ್ಕದ ಕುರ್ಚಿಯವರೆಗೆ ಹೋದೆವು. ಅಮ್ಮ ತನ್ನ ಹಿಡಿಯನ್ನು ನನ್ನ ಕೈಗೆ ಕೊಟ್ಟು, ಅಜ್ಜಿಯ ಸೊಂಟದಡಿ ಎರಡು ತೋಳನ್ನೂ ಹಾಕಿ ಎತ್ತಿ, ಕುರ್ಚಿಯಲ್ಲಿ ಕೂರಿಸಿದಳು.